ಇನ್‌ಫ್ಲುಯೆಂಜಾ: ಲಸಿಕೆಯು ಎಷ್ಟರಮಟ್ಟಿಗೆ ಕಾಯುತ್ತದೆ?

ನಮ್ಮ ಕಾಸರಗೋಡು ಸೀಮೆಯಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಜೂನ್ ತಿಂಗಳು ಬಂತೆಂದರೆ ಒದ್ದೆ ಕೊಡೆಗಳು ತರಗತಿಯ ಮೂಲೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಎರಚಲು ಹೊಡೆಯದಂತೆ ಕಿಟಕಿಗಳನ್ನು ಮುಚ್ಚಬೇಕಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ನಲವತ್ತು ಮಕ್ಕಳು ಒತ್ತಾಗಿ ಕುಳಿತಿರುವಾಗ ಒಂದು ಬೆಂಚಿನಲ್ಲಿ ಒಬ್ಬನು ಕೆಮ್ಮಿದರೆ ನಾಲ್ಕು ದಿನಗಳೊಳಗಾಗಿ ಆ ಬೆಂಚೆಲ್ಲ ಕೆಮ್ಮುತ್ತದೆ. ಜುಲೈ ತಿಂಗಳ ಹಾಜರಿ ಪುಸ್ತಕವನ್ನು ತೆರೆದು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಕಳೆದ ವರ್ಷ ಮಾರ್ಚ್ ತಿಂಗಳ ರಕ್ಷಕರ ಸಭೆಯಲ್ಲಿ ನಾನು ಈ ಜ್ವರದ ಕುರಿತು ನಾಲ್ಕು ಮಾತು ಹೇಳಿದ್ದೆನು. ಮಳೆಗಾಲಕ್ಕೆ ಮೊದಲೇ ಮನೆಯ ಹಿರಿಯರಿಗೆ ಫ್ಲೂ ಲಸಿಕೆ ಹಾಕಿಸಿರೆಂದು ಹೇಳಿದ್ದು ಸರಿಯೇ. ಆದರೆ ಮಾತು ಕೇಳುವವರ ಮನಸ್ಸಿಗೆ ನಾಟಬೇಕೆಂಬ ಆಸೆಯಿಂದ, “ಲಸಿಕೆ ಹಾಕಿಸಿದ ಮೇಲೆ ಫ್ಲೂ ಹತ್ತಿರ ಸುಳಿಯದು” ಎಂದೂ ಸೇರಿಸಿಬಿಟ್ಟೆನು. ಅದನ್ನು ನಂಬಿ ವಿದ್ಯಾರ್ಥಿಯೊಬ್ಬನ ತಂದೆ, ಎಪ್ಪತ್ತು ದಾಟಿದ ತಮ್ಮ ತಾಯಿಗೆ ಮೇ ತಿಂಗಳಲ್ಲಿ ಲಸಿಕೆ ಹಾಕಿಸಿದರು. ಜುಲೈಯಲ್ಲಿ ಆ ಅಜ್ಜಿ ಜ್ವರ ಹಿಡಿದು ಒಂದು ವಾರ ಮಲಗಿದರು. ಅವರು ಗುಣಹೊಂದಿದ ಬಳಿಕ ತಂದೆ ಶಾಲೆಯ ಜಗಲಿಯಲ್ಲಿ ನನ್ನನ್ನು ಕಂಡು, ಕೋಪವೇನೂ ಇಲ್ಲದೆ ಕೇಳಿದರು: “ಮಾಷ್ಟ್ರೇ, ಸೂಜಿ ಹಾಕಿಸಿಯೂ ಜ್ವರ ಬಂದೇ ಬಂತಲ್ಲ? ಮತ್ತೆ ಅದು ಯಾಕೆ?”

ಅಂದು ನಾನು ಕೊಟ್ಟ ಉತ್ತರವು ನನಗೇ ಸಮಾಧಾನವನ್ನು ತರಲಿಲ್ಲ. ತಪ್ಪು ಲಸಿಕೆಯದಲ್ಲ, ಅದು ಕೊಡಲಾರದ ಭರವಸೆಯನ್ನು ಅದರ ಹೆಸರಿನಲ್ಲಿ ಕೊಟ್ಟ ನನ್ನದು. ಒಬ್ಬರ ಮನೆಯಲ್ಲಿ ಹೀಗಾದರೆ ಹತ್ತು ಮನೆಯವರು ಎಲ್ಲ ಲಸಿಕೆಗಳ ಮೇಲೂ ನಂಬಿಕೆಯನ್ನು ಕಳೆದುಕೊಳ್ಳುವ ಸಂಭವವುಂಟು. ಆದುದರಿಂದ ಆ ಪ್ರಶ್ನೆಗೆ ಸಾವಕಾಶವಾಗಿ ಉತ್ತರ ಹೇಳುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ. ನಡುವೆ ಸ್ವಲ್ಪ ಲೆಕ್ಕ ಬರುತ್ತದೆ. ಏಳನೆಯ ತರಗತಿಯ ಶೇಕಡಾ ಲೆಕ್ಕ ಬಲ್ಲವರಿಗೆ ಅದು ಕಷ್ಟವಾಗದು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ‘ಇನ್‌ಫ್ಲುಯೆಂಜಾ’ ಎಂಬುದು ಇಟಲಿಯ ಭಾಷೆಯ ಮಾತು. ಅದರ ಅರ್ಥ ‘ಪ್ರಭಾವ’. ಗ್ರಹನಕ್ಷತ್ರಗಳ ಪ್ರಭಾವದಿಂದ ಈ ಜ್ವರವು ಊರಿಗೆ ಊರನ್ನೇ ಹಿಡಿಯುತ್ತದೆಂದು ಹಿಂದಿನ ಕಾಲದ ಜನರು ನಂಬಿದ್ದರು. ಈಗ ನಾವು ಅದನ್ನು ಮೊಟಕುಗೊಳಿಸಿ ಫ್ಲೂ ಎನ್ನುತ್ತೇವೆ. ಅಷ್ಟೇ ಅಲ್ಲ, ಮೂಗು ಸೋರಿದರೂ ಫ್ಲೂ, ಮೈ ಬಿಸಿಯಾದರೂ ಫ್ಲೂ ಎನ್ನುತ್ತೇವೆ. ಸಾಮಾನ್ಯ ನೆಗಡಿಯನ್ನುಂಟುಮಾಡುವ ವೈರಸ್‌ಗಳು ಬೇರೆಯೇ ಇವೆ. ಮಳೆಗಾಲದಲ್ಲಿ ನಮ್ಮಲ್ಲಿ ಡೆಂಗಿ ಜ್ವರವುಂಟು, ಇಲಿಜ್ವರವುಂಟು. 2020ರಿಂದ ಈಚೆಗೆ ಕೋವಿಡ್ ಕೂಡ ಸೇರಿಕೊಂಡಿದೆ. ಫ್ಲೂ ಲಸಿಕೆಯು ಇವುಗಳಲ್ಲಿ ಯಾವುದನ್ನೂ ತಡೆಯುವುದಿಲ್ಲ. ಅದು ತಡೆಯುವುದು ಇನ್‌ಫ್ಲುಯೆಂಜಾ ವೈರಸ್ಸನ್ನು ಮಾತ್ರ. ನಿಜವಾದ ಫ್ಲೂ ಸಾಮಾನ್ಯವಾಗಿ ಏಕಾಏಕಿ ಬರುವುದು: ಬೆಳಿಗ್ಗೆ ಶಾಲೆಗೆ ಬಂದ ಹುಡುಗನು ಮಧ್ಯಾಹ್ನಕ್ಕೆ ಚಳಿಜ್ವರ, ಮೈಕೈ ನೋವು, ತಲೆನೋವು, ಒಣಕೆಮ್ಮುಗಳಿಂದ ಬೆಂಚಿಗೆ ತಲೆಯಾನಿಸಿಬಿಡುತ್ತಾನೆ. ಹೆಚ್ಚಿನವರು ಒಂದು ವಾರದಲ್ಲಿ ಎದ್ದು ಓಡಾಡುತ್ತಾರೆ. ಆದರೆ ಮುದುಕರು, ಎಳೆಯ ಶಿಶುಗಳು, ಗರ್ಭಿಣಿಯರು, ಆಸ್ತಮಾ, ಸಕ್ಕರೆ ಕಾಯಿಲೆ, ಹೃದ್ರೋಗಗಳುಳ್ಳವರು, ಇಂಥವರಲ್ಲಿ ಕೆಲವರಿಗೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುವುದುಂಟು. ಜಗತ್ತಿನಲ್ಲಿ ವರ್ಷವೊಂದಕ್ಕೆ 2 ಲಕ್ಷ 90 ಸಾವಿರದಿಂದ 6 ಲಕ್ಷ 50 ಸಾವಿರದವರೆಗೆ ಜನರು ಇದರಿಂದಾದ ಶ್ವಾಸಸಂಬಂಧದ ತೊಂದರೆಗಳಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮ ಅಜ್ಜಿಗೆ ಬಂದದ್ದು ಇನ್‌ಫ್ಲುಯೆಂಜಾವೇ ಹೌದೆ? ಗಂಟಲಿನ ದ್ರವವನ್ನು ಪರೀಕ್ಷೆಗೆ ಕಳುಹಿಸಿರಲಿಲ್ಲ, ಆದುದರಿಂದ ಹೇಳಬರುವಂತಿಲ್ಲ. ಈ ಮಾತನ್ನು ನಾನು ನೆಪವಾಗಿ ಮುಂದಿಡುತ್ತಿಲ್ಲ. ಅದು ಇನ್‌ಫ್ಲುಯೆಂಜಾವೇ ಆಗಿದ್ದರೂ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಈ ವೈರಸ್ಸಿನ ಸ್ವಭಾವವನ್ನು ಅರಿಯಬೇಕು.

1918ರ ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನಿಂದ ಒಳನುಗ್ಗಿದ ಇನ್‌ಫ್ಲುಯೆಂಜಾ, ಮಳೆಗಾಲ ಕಳೆಯುತ್ತಲೇ ಎರಡನೆಯ ಬಾರಿ ಎದ್ದು, ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರನ್ನು ಕೊಂದಿತು. 1911ರಿಂದ 1921ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆಯು ಏರುವ ಬದಲು ಇಳಿಯಿತು. ನಮ್ಮ ಜನಗಣತಿಯಲ್ಲಿ ಅಂಥ ದಶಕವು ಮತ್ತೊಂದಿಲ್ಲ. ಅಂದಿನ ವೈದ್ಯರು ಕೈಕಟ್ಟಿ ಕುಳಿತವರಲ್ಲ. ಆದರೆ ಅವರಿಗೆ ಶತ್ರುವಿನ ಗುರುತೇ ಸಿಕ್ಕಿರಲಿಲ್ಲ. 1892ರಲ್ಲಿ ಜರ್ಮನಿಯ ಫೈಫರ್ ಎಂಬವನು ಒಂದು ಬ್ಯಾಕ್ಟೀರಿಯವನ್ನು ತೋರಿಸಿ ಇದೇ ಇನ್‌ಫ್ಲುಯೆಂಜಾಕ್ಕೆ ಕಾರಣವೆಂದಿದ್ದನು. ಅದು ತಪ್ಪೆಂದು ಸ್ಪಷ್ಟವಾಗಲು ನಲವತ್ತು ವರ್ಷಗಳು ಹಿಡಿದುವು. 1933ರಲ್ಲಿ ಇಂಗ್ಲೆಂಡಿನ ವಿಲ್ಸನ್ ಸ್ಮಿತ್, ಆಂಡ್ರೂಸ್, ಲೇಡ್‌ಲಾ ಎಂಬ ಮೂವರು, ರೋಗಿಗಳ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯವೂ ನುಸುಳಲಾರದ ಶೋಧಕದಲ್ಲಿ ಸೋಸಿ, ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಹಾಕಿದರು. ಫೆರೆಟ್ಟಿಗೆ ಜ್ವರ ಬಂದು ಅದು ಸೀನತೊಡಗಿತು. ಹೀಗೆ ಮನುಷ್ಯನ ಇನ್‌ಫ್ಲುಯೆಂಜಾ ವೈರಸ್ಸು ಮೊದಲ ಬಾರಿಗೆ ಕೈಗೆ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಅದೇ ತಂಡದವರ ಜೊತೆಗಾರನಾದ ಸ್ಟುವರ್ಟ್-ಹ್ಯಾರಿಸ್‌ನ ಮುಖಕ್ಕೆ ಫೆರೆಟ್ಟೊಂದು ಸೀನಿತು. ಎರಡು ದಿನಗಳೊಳಗಾಗಿ ಅವನೂ ಜ್ವರ ಹಿಡಿದು ಮಲಗಿದನು. ಪ್ರಾಣಿಯಿಂದ ಮನುಷ್ಯನಿಗೂ ಅದು ಬರಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ!

ವೈರಸ್ಸು ಕೋಳಿಮೊಟ್ಟೆಯೊಳಗೆ ಚೆನ್ನಾಗಿ ಬೆಳೆಯುತ್ತದೆಂಬುದು ಗೊತ್ತಾದ ಮೇಲೆ ಲಸಿಕೆಯ ದಾರಿ ತೆರೆಯಿತು. ಮರಿಯಾಗುತ್ತಿರುವ ಮೊಟ್ಟೆಯಲ್ಲಿ ವೈರಸ್ಸನ್ನು ಬೆಳೆಸುವುದು, ಹೊರತೆಗೆದು ರಾಸಾಯನಿಕದಿಂದ ಕೊಲ್ಲುವುದು, ಶುದ್ಧಿಗೊಳಿಸಿ ಚುಚ್ಚುವುದು—ಹೆಚ್ಚಿನ ಫ್ಲೂ ಲಸಿಕೆಗಳು ಇಂದಿಗೂ ತಯಾರಾಗುವುದು ಹೀಗೆಯೇ. ಸತ್ತ ವೈರಸ್ಸು ರೋಗವನ್ನುಂಟುಮಾಡಲಾರದು. ಆದರೆ ಅದರ ರೂಪವನ್ನು ನೋಡಿ ನಮ್ಮ ದೇಹವು ಪ್ರತಿಕಾಯಗಳೆಂಬ ಕಾವಲುಗಾರರನ್ನು ಸಿದ್ಧಪಡಿಸಿಟ್ಟುಕೊಳ್ಳುತ್ತದೆ. 1943ರಲ್ಲಿ ಅಮೆರಿಕದ ಥಾಮಸ್ ಫ್ರಾನ್ಸಿಸ್ ಮತ್ತು, ಮುಂದೆ ಪೋಲಿಯೋ ಲಸಿಕೆಯಿಂದ ಪ್ರಸಿದ್ಧನಾದ, ಜೋನಾಸ್ ಸಾಕ್ ಮೊದಲಾದವರು ಸೈನ್ಯದ ತರಬೇತಿಯಲ್ಲಿದ್ದ ಸುಮಾರು ಹನ್ನೆರಡು ಸಾವಿರ ಯುವಕರಲ್ಲಿ ಇದನ್ನು ಪರೀಕ್ಷಿಸಿದರು. ಲಸಿಕೆ ಪಡೆಯದವರಲ್ಲಿ ನೂರಕ್ಕೆ 7 ಮಂದಿ ಕಾಯಿಲೆ ಬಿದ್ದರೆ ಪಡೆದವರಲ್ಲಿ ನೂರಕ್ಕೆ 2 ಮಂದಿ ಮಾತ್ರ. ಎಲ್ಲರಿಗೂ ಸಂತೋಷವಾಯಿತು. ನಾಲ್ಕೇ ವರ್ಷಗಳ ಮೇಲೆ, 1947ರಲ್ಲಿ, ಅದೇ ಬಗೆಯ ಲಸಿಕೆಯು ನೆಲಕಚ್ಚಿತು: ಪಡೆದವರಿಗೂ ಪಡೆಯದವರಿಗೂ ಜ್ವರ ಬಂದ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಲಸಿಕೆ ಕೆಟ್ಟಿತ್ತೆ? ಇಲ್ಲ, ವೈರಸ್ಸು ವೇಷ ಬದಲಾಯಿಸಿತ್ತು. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಇದನ್ನು ಯಕ್ಷಗಾನದ ಚೌಕಿಯಲ್ಲಿಯೇ ತೋರಿಸಬಹುದು. ಈ ವೈರಸ್ಸಿನ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. ಒಂದನ್ನು ‘ಎಚ್’ ಎಂದೂ ಇನ್ನೊಂದನ್ನು ‘ಎನ್’ ಎಂದೂ ಗುರುತಿಸುತ್ತಾರೆ. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ನಮ್ಮ ದೇಹದ ಕಾವಲುಗಾರರು ವೇಷಧಾರಿಯನ್ನು ಬಲ್ಲವರಲ್ಲ. ಅವನ ಕಿರೀಟವನ್ನೂ ಮುಖದ ಬಣ್ಣವನ್ನೂ ನೋಡಿ ಗುರುತು ಹಿಡಿಯುವವರು. ವೈರಸ್ಸು ತನ್ನ ಪ್ರತಿಯನ್ನು ಮಾಡಿಕೊಳ್ಳುವಾಗ ಸಣ್ಣಪುಟ್ಟ ತಪ್ಪುಗಳಾಗುತ್ತಲೇ ಇರುತ್ತವೆ. ಒಂದು ವರ್ಷ ಕಿರೀಟದ ಮಣಿಯೊಂದು ಬದಲಾಗುವುದು, ಮರುವರ್ಷ ತಿಲಕದ ಗೆರೆಯೊಂದು ಓರೆಯಾಗುವುದು. ಕಾವಲುಗಾರರು ಅನುಮಾನಿಸುತ್ತ ನಿಲ್ಲುವಷ್ಟರಲ್ಲಿ ವೇಷವು ರಂಗಸ್ಥಳಕ್ಕೆ ಬಂದಾಗಿರುತ್ತದೆ. ಇದು ವರ್ಷವರ್ಷವೂ ನಡೆಯುವ ನಿಧಾನದ ಬದಲಾವಣೆ. ಬಹಳ ಅಪರೂಪವಾಗಿ ಇನ್ನೊಂದು ಬಗೆಯದೂ ನಡೆಯುತ್ತದೆ: ಹಕ್ಕಿ, ಹಂದಿಗಳ ವೈರಸ್ಸೂ ಮನುಷ್ಯರ ವೈರಸ್ಸೂ ಒಂದೇ ಜೀವಕೋಶವನ್ನು ಹೊಕ್ಕು ಉಡುಪುಗಳನ್ನು ಅದಲುಬದಲು ಮಾಡಿಕೊಂಡು, ಪುಂಡುವೇಷವೆಂದು ಕಾದವರ ಮುಂದೆ ಬಣ್ಣದ ವೇಷವೇ ಅಬ್ಬರಿಸಿ ಬಂದು ನಿಲ್ಲುವುದು. ಆಗ ಜಗತ್ತಿನಲ್ಲಿ ಯಾರ ಕಾವಲುಗಾರರಿಗೂ ಗುರುತು ಹತ್ತದು. ಪಿಡುಗು ದೇಶದಿಂದ ದೇಶಕ್ಕೆ ಹಬ್ಬುವುದು.

1957ರಲ್ಲಿ ನಡೆದದ್ದು ಅದೇ. ಆ ವರ್ಷದ ಆರಂಭದಲ್ಲಿ ಚೀನದಲ್ಲಿ ಹೊಸ ವೈರಸ್ಸು ತಲೆಯೆತ್ತಿತು. ಏಪ್ರಿಲ್ ತಿಂಗಳಲ್ಲಿ ಹಾಂಗ್‌ಕಾಂಗಿನ ಆಸ್ಪತ್ರೆಗಳ ಮುಂದೆ ಜನರು ಸಾಲುಗಟ್ಟಿ ನಿಂತಿರುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಮೆರಿಕದ ಮಾರಿಸ್ ಹಿಲ್ಲೆಮನ್ ಎಂಬ ವಿಜ್ಞಾನಿಯು, ಇದು ಸಾಮಾನ್ಯದ್ದಲ್ಲವೆಂದು ಊಹಿಸಿ ಆ ವೈರಸ್ಸನ್ನು ತರಿಸಿಕೊಂಡನು. ಲಸಿಕೆಗೆ ಮೊಟ್ಟೆಗಳು ಬೇಕು, ಮೊಟ್ಟೆಗಳು ಫಲಿಸಲು ಹುಂಜಗಳು ಬೇಕು. ಆದುದರಿಂದ ಋತುವಿನ ಕೊನೆಗೆ ಹುಂಜಗಳನ್ನು ಕೊಲ್ಲಬೇಡಿರೆಂದು ಕೋಳಿ ಸಾಕುವವರಿಗೆ ಮೊದಲೇ ಹೇಳಿ ಕಳುಹಿಸಿದನಂತೆ. ಹೀಗೆ ಆ ವರ್ಷ ಅಲ್ಲಿ ಸುಮಾರು ನಾಲ್ಕು ಕೋಟಿ ಲಸಿಕೆಗಳು ಸಿದ್ಧವಾದುವು. ನಮ್ಮ ದೇಶಕ್ಕೆ ಆ ಜ್ವರವು ಮೇ ತಿಂಗಳ ನಡುವಿನಲ್ಲಿ ಸಿಂಗಾಪುರದಿಂದ ಮದರಾಸಿಗೆ ಬಂದ ಹಡಗಿನಲ್ಲಿ ಇಳಿಯಿತು. ಮುಂದಿನ ಫೆಬ್ರವರಿಯೊಳಗೆ ದೇಶದಲ್ಲಿ ವರದಿಯಾದ ಪ್ರಕರಣಗಳೇ 44 ಲಕ್ಷವನ್ನು ಮೀರಿದುವು. ಅದರ ವೃತ್ತಾಂತವನ್ನೆಲ್ಲ ಕಲೆಹಾಕಿ ಬರೆದವರು ನೀಲಗಿರಿಯ ಕೂನೂರಿನಲ್ಲಿರುವ ಪಾಶ್ಚರ್ ಸಂಸ್ಥೆಯ ಇನ್‌ಫ್ಲುಯೆಂಜಾ ಕೇಂದ್ರದಲ್ಲಿದ್ದ ಐ. ಜಿ. ಕೆ. ಮೆನನ್ ಅವರು. ನಮ್ಮಂತೆಯೇ ರಾಜ್ಯದ ಗಡಿಯಾಚೆ ಕನ್ನಡಿಗರು ನೆಲೆಸಿರುವ ಆ ಬೆಟ್ಟದ ಊರು, ವೈರಸ್ಸಿನ ವೇಷಗಳನ್ನು ಪತ್ತೆಹಚ್ಚುವ ಜಗತ್ತಿನ ಜಾಲದಲ್ಲಿ ಆಗಲೇ ಒಂದು ಠಾಣೆಯಾಗಿತ್ತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಆ ಜಾಲವನ್ನು ವಿಶ್ವ ಆರೋಗ್ಯ ಸಂಸ್ಥೆಯು 1952ರಲ್ಲಿ ಕಟ್ಟಿತು. ಇಂದು ನೂರಕ್ಕೂ ಹೆಚ್ಚು ದೇಶಗಳ ಪ್ರಯೋಗಶಾಲೆಗಳು ಅದರಲ್ಲಿವೆ. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಈ ಕೆಲಸವನ್ನು ನೋಡಿಕೊಳ್ಳುತ್ತದೆ. ವರ್ಷಕ್ಕೆ ಎರಡು ಬಾರಿ ತಜ್ಞರು ಕೂಡಿ ಮುಂದಿನ ಲಸಿಕೆಯಲ್ಲಿ ಯಾವ ಯಾವ ವೈರಸ್‌ಗಳಿರಬೇಕೆಂದು ನಿರ್ಣಯಿಸುತ್ತಾರೆ: ಭೂಮಿಯ ಉತ್ತರಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧಕ್ಕೆ ಸೆಪ್ಟೆಂಬರಿನಲ್ಲಿ. ಮೊಟ್ಟೆಯಲ್ಲಿ ಬೆಳೆಸಿ ಶೀಷೆಗೆ ತುಂಬಿಸಲು ಆರು ತಿಂಗಳಾದರೂ ಬೇಕು. ಅಂದರೆ, ಇನ್ನು ಆರೆಂಟು ತಿಂಗಳುಗಳ ಮೇಲೆ ಬರುವ ವೇಷವು ಹೇಗಿದ್ದೀತೆಂದು ಇಂದೇ ಊಹಿಸಿ ಕಾವಲುಗಾರರಿಗೆ ಚಿತ್ರವನ್ನು ಕೊಡಬೇಕು. ಊಹೆಯು ಕೆಲವು ವರ್ಷ ಸರಿಯಾಗುತ್ತದೆ, ಕೆಲವು ವರ್ಷ ತಪ್ಪುತ್ತದೆ. ಊಹೆ ಸರಿಯಾದಾಗಲೂ ಒಂದು ತೊಡಕುಂಟು: ಮೊಟ್ಟೆಯಲ್ಲಿ ಬೆಳೆಯುವಾಗ ವೈರಸ್ಸು ಆ ಮನೆಗೆ ಹೊಂದಿಕೊಳ್ಳಲೆಂದು ತನ್ನ ಮುಳ್ಳನ್ನು ತುಸು ಬದಲಿಸಿಕೊಳ್ಳುತ್ತದೆ, ಎಚ್3ಎನ್2 ಬಗೆಯಲ್ಲಿ ಈ ಚಾಳಿ ಹೆಚ್ಚು. ಇದನ್ನು ತಪ್ಪಿಸಲು ಮೊಟ್ಟೆಯಿಲ್ಲದೆಯೇ ತಯಾರಿಸುವ ಲಸಿಕೆಗಳೂ ಈಗ ಬಂದಿವೆ. ಶುಭವಾರ್ತೆಯೂ ಒಂದಿದೆ. ಬಿ ವರ್ಗದ ಯಮಗಾಟ ಎಂಬ ಶಾಖೆಯ ವೈರಸ್ಸು 2020ರ ಮಾರ್ಚ್ ತಿಂಗಳ ಬಳಿಕ ಜಗತ್ತಿನಲ್ಲಿ ಎಲ್ಲಿಯೂ ಹರಡುತ್ತಿರುವುದು ದೃಢಪಟ್ಟಿಲ್ಲ. ಕೋವಿಡ್ ಕಾಲದಲ್ಲಿ ಜನರು ಮನೆಯೊಳಗೆ ಉಳಿದುದರಿಂದ ಅದರ ವಂಶವೇ ಅಳಿದಿರಬೇಕು.

ಇನ್ನು ಲೆಕ್ಕಕ್ಕೆ ಬರೋಣ. ‘ಈ ಲಸಿಕೆಯು ಶೇಕಡಾ 60ರಷ್ಟು ಕಾಯುತ್ತದೆ’ ಎಂದು ಓದಿದರೆ ನಿಮಗೇನು ಅರ್ಥವಾಗುತ್ತದೆ? ತರಗತಿಯಲ್ಲಿ ಕೇಳಿದಾಗ ಹೆಚ್ಚಿನ ಮಕ್ಕಳು, “ಹಾಕಿಸಿಕೊಂಡ ನೂರು ಮಂದಿಯಲ್ಲಿ 60 ಮಂದಿಗೆ ಜ್ವರ ಬರುವುದಿಲ್ಲ, 40 ಮಂದಿಗೆ ಬರುತ್ತದೆ” ಎಂದರು. ಇದು ತಪ್ಪು, ದೊಡ್ಡವರೂ ಮಾಡುವ ತಪ್ಪು. ಲಸಿಕೆಯಿಲ್ಲದ ನೂರು ಮಂದಿಯಲ್ಲಿ ಒಂದು ಮಳೆಗಾಲದಲ್ಲಿ 10 ಮಂದಿಗೆ ಫ್ಲೂ ಬಂತೆಂದಿಟ್ಟುಕೊಳ್ಳಿರಿ. ಲಸಿಕೆಯುಳ್ಳ ನೂರು ಮಂದಿಯಲ್ಲಿ 4 ಮಂದಿಗೆ ಬಂತು. ಹತ್ತರಲ್ಲಿ ಆರು ತಪ್ಪಿದುವು. ಅದೇ ಶೇಕಡಾ 60. ಉಳಿದ 90 ಮಂದಿಗೆ ಹಾಕಿಸದಿದ್ದರೂ ಬರುತ್ತಿರಲಿಲ್ಲ. ಆದುದರಿಂದ ‘ನಾನು ಹಾಕಿಸಿಕೊಂಡೆ, ಬರಲಿಲ್ಲ’ ಎನ್ನುವವನ ಸಾಕ್ಷಿಯೂ ‘ನಾನು ಹಾಕಿಸಿಕೊಂಡೆ, ಆದರೂ ಬಂತು’ ಎನ್ನುವವನ ಸಾಕ್ಷಿಯೂ ಸಮನಾಗಿ ದುರ್ಬಲವಾದವು. ಒಬ್ಬ ಮನುಷ್ಯನಲ್ಲಿ ಈ ಲೆಕ್ಕವು ಕಾಣಿಸದು. ನೂರಾರು ಜನರನ್ನು ಒಟ್ಟಿಗೆ ನೋಡಿದಾಗ ಮಾತ್ರ ಕಾಣಿಸುವುದು.

ಇನ್ನೊಂದು ಮೋಸದ ಲೆಕ್ಕವನ್ನು ನೋಡಿರಿ. ಒಂದು ವಿದ್ಯಾರ್ಥಿನಿಲಯದಲ್ಲಿ ನೂರು ಮಕ್ಕಳು. 80 ಮಂದಿ ಲಸಿಕೆ ಪಡೆದವರು, 20 ಮಂದಿ ಪಡೆಯದವರು. ಫ್ಲೂ ಹಬ್ಬಿ 12 ಮಂದಿ ಮಲಗಿದರು. ಅವರಲ್ಲಿ 8 ಮಂದಿ ಲಸಿಕೆಯುಳ್ಳವರು, 4 ಮಂದಿ ಇಲ್ಲದವರು. “ನೋಡಿದಿರಾ, ಮಲಗಿದವರಲ್ಲಿ ಹೆಚ್ಚಿನವರು ಸೂಜಿ ಹಾಕಿಸಿಕೊಂಡವರೇ!” ಎಂದು ಯಾರಾದರೂ ಹೇಳದಿರಲಾರರು. ಆದರೆ 80ರಲ್ಲಿ 8 ಎಂದರೆ ಶೇಕಡಾ 10. 20ರಲ್ಲಿ 4 ಎಂದರೆ ಶೇಕಡಾ 20. ಲಸಿಕೆಯು ರೋಗವನ್ನು ಅರ್ಧಕ್ಕಿಳಿಸಿದೆ. ಎಣಿಸುವವನು ಮೇಲಿನ ಅಂಕವನ್ನು ಮಾತ್ರ ನೋಡಿ ಕೆಳಗಿನ ಅಂಕವನ್ನು ಮರೆತರೆ ಭಿನ್ನರಾಶಿಯು ಭಿನ್ನರಾಶಿಯಾಗಿ ಉಳಿಯುವುದೆ?

ನಿಜ ಜೀವನದಲ್ಲಿ ಇದನ್ನು ಅಳೆಯುವುದು ಸುಲಭವಲ್ಲ. ಲಸಿಕೆ ಹಾಕಿಸಿಕೊಳ್ಳುವವರು ಆರೋಗ್ಯದ ವಿಷಯದಲ್ಲಿ ಮೊದಲೇ ಎಚ್ಚರವುಳ್ಳವರು. ಕೆಮ್ಮು ಬಂದರೂ ವೈದ್ಯರಲ್ಲಿಗೆ ಹೋಗುವವರು. ಹೀಗಿರುವಾಗ ಅವರನ್ನೂ ಹಾಕಿಸಿಕೊಳ್ಳದವರನ್ನೂ ನೇರವಾಗಿ ಹೋಲಿಸಿದರೆ ಲೆಕ್ಕವು ಓರೆಯಾಗುತ್ತದೆ. ಇದಕ್ಕೆ ತಜ್ಞರು ಒಂದು ಜಾಣ ಉಪಾಯವನ್ನು ಕಂಡುಹಿಡಿದಿದ್ದಾರೆ. ಜ್ವರ, ಕೆಮ್ಮು ಎಂದು ವೈದ್ಯರಲ್ಲಿಗೆ ಬಂದವರೆಲ್ಲರ ಮೂಗು-ಗಂಟಲಿನ ದ್ರವವನ್ನು ಪರೀಕ್ಷಿಸಿ, ಇನ್‌ಫ್ಲುಯೆಂಜಾ ಇದ್ದವರದೊಂದು ಗುಂಪು, ಇಲ್ಲದವರದೊಂದು ಗುಂಪು ಮಾಡುತ್ತಾರೆ. ಎರಡೂ ಗುಂಪಿನವರು ವೈದ್ಯರಲ್ಲಿಗೆ ಬಂದವರೇ ಆದುದರಿಂದ ಆ ಭೇದವು ಬಹುಮಟ್ಟಿಗೆ ಅಳಿಯುತ್ತದೆ. ಫ್ಲೂ ಇದ್ದ 200 ಮಂದಿಯಲ್ಲಿ 50 ಮಂದಿ ಲಸಿಕೆಯುಳ್ಳವರು, 150 ಮಂದಿ ಇಲ್ಲದವರು ಎನ್ನಿರಿ, ಪ್ರಮಾಣವು ಮೂರರಲ್ಲೊಂದು. ಫ್ಲೂ ಇಲ್ಲದ 200 ಮಂದಿಯಲ್ಲಿ 80 ಮಂದಿ ಉಳ್ಳವರು, 120 ಮಂದಿ ಇಲ್ಲದವರು, ಪ್ರಮಾಣವು ಮೂರರಲ್ಲೆರಡು. ಮೊದಲನೆಯದು ಎರಡನೆಯದರ ಅರ್ಧ. ಆದುದರಿಂದ ರಕ್ಷಣೆಯು ಶೇಕಡಾ 50. ಒಂಬತ್ತನೆಯ ತರಗತಿಯವರು ಅಂಕಗಳನ್ನು ಬದಲಾಯಿಸಿ ಇದನ್ನು ತಾವೇ ಮಾಡಿ ನೋಡಬಹುದು.

ಹೀಗೆ ಅಳೆದಾಗ ಅಮೆರಿಕದಲ್ಲಿ 2004-05ರ ಋತುವಿನಲ್ಲಿ ದೊರೆತ ರಕ್ಷಣೆ ಶೇಕಡಾ 10 ಮಾತ್ರ, 2010-11ರಲ್ಲಿ 60, 2014-15ರಲ್ಲಿ, ಎಚ್3ಎನ್2 ವೈರಸ್ಸು ಲಸಿಕೆಯನ್ನು ನಿರ್ಣಯಿಸಿದ ಬಳಿಕ ವೇಷ ಬದಲಿಸಿದುದರಿಂದ, 19. ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ 2016ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 2009ರಲ್ಲಿ ಹುಟ್ಟಿದ ಎಚ್1ಎನ್1 ವೈರಸ್ಸಿನ ವಿರುದ್ಧ 61, ಬಿ ವರ್ಗದ ವಿರುದ್ಧ 54, ಎಚ್3ಎನ್2 ವಿರುದ್ಧ 33. ದಡಾರದ ಲಸಿಕೆಯನ್ನು ಎರಡು ಬಾರಿ ಪಡೆದವರಲ್ಲಿ ನೂರಕ್ಕೆ 97 ಮಂದಿಗೆ ರಕ್ಷಣೆ ದೊರೆಯುವುದೆಂಬುದನ್ನು ಇದರೊಂದಿಗೆ ಹೋಲಿಸಿರಿ. ಫ್ಲೂ ಲಸಿಕೆಯು ನಮ್ಮ ಒಳ್ಳೆಯ ಲಸಿಕೆಗಳ ಸಾಲಿನಲ್ಲಿ ಹಿಂದಿನ ಬೆಂಚಿನ ಹುಡುಗ. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ಇನ್ನೂ ಒಂದು ಮಾತು. ಶೇಕಡಾ 60 ಎಂಬುದು ದೊಡ್ಡದಾಗಿ ಕೇಳಿಸಿದರೂ, ಉಳಿತಾಯದ ಮೊತ್ತವು ಮೂಲಧನದ ಮೇಲೆ ಹೋಗುವುದು. ಕಾಕ್ರೇನ್ ಎಂಬ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಆರೋಗ್ಯವಂತರಾದ ಪ್ರಾಯದವರಲ್ಲಿ ಲಸಿಕೆಯಿಲ್ಲದಿದ್ದರೆ ಸಾವಿರಕ್ಕೆ 23 ಮಂದಿಗೆ ಫ್ಲೂ ಬರುವುದು, ಲಸಿಕೆಯಿದ್ದರೆ 9 ಮಂದಿಗೆ. ಅಂದರೆ ಒಬ್ಬನಿಗೆ ಫ್ಲೂ ತಪ್ಪಿಸಲು 71 ಮಂದಿಗೆ ಹಾಕಬೇಕು. ಹಿರಿಯರಲ್ಲಿ ನೂರಕ್ಕೆ 6 ಇದ್ದುದು 2.4ಕ್ಕೆ ಇಳಿಯುವುದು, ಅಲ್ಲಿ ಸುಮಾರು 30 ಮಂದಿಗೆ ಹಾಕಿದರೆ ಒಬ್ಬರು ಉಳಿಯುತ್ತಾರೆ. ಮಕ್ಕಳಲ್ಲಿ ರೋಗವು ಹೆಚ್ಚು ಹರಡುವುದರಿಂದ ನೂರಕ್ಕೆ 30 ಇದ್ದುದು 11ಕ್ಕೆ ಇಳಿಯುವುದು. ಐವರಿಗೆ ಹಾಕಿದರೆ ಒಬ್ಬನಿಗೆ ತಪ್ಪುತ್ತದೆ. ಗಟ್ಟಿಮುಟ್ಟಾದ ಇಪ್ಪತ್ತೈದರ ತರುಣನು “ನನಗೇಕೆ?” ಎಂದರೆ ಅವನ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಅದೇ ಮಾತನ್ನು ಆಸ್ತಮಾ ಇರುವ ಮಗುವಿನ ತಾಯಿ ಹೇಳಿದರೆ ನಾನು ಒಪ್ಪಲಾರೆ.

ಏಕೆಂದರೆ ಜ್ವರವನ್ನು ಪೂರ್ತಿ ತಡೆಯದಿದ್ದಾಗಲೂ ಅದು ಪ್ರಾಣಕ್ಕೆ ಬರುವಷ್ಟು ಬೆಳೆಯದಂತೆ ಲಸಿಕೆಯು ಎಷ್ಟೋ ವೇಳೆ ತಡೆಯುತ್ತದೆ. ಅಮೆರಿಕದಲ್ಲಿ 2010ರಿಂದ 2014ರವರೆಗೆ ಫ್ಲೂ ಜ್ವರದಿಂದ ಸತ್ತ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಬೇರೆ ರೋಗವಿಲ್ಲದ ಮಕ್ಕಳಲ್ಲಿ ಲಸಿಕೆಯು ಸಾವಿನ ಅಪಾಯವನ್ನು ಶೇಕಡಾ 65ರಷ್ಟು, ಬೇರೆ ರೋಗವುಳ್ಳ ಮಕ್ಕಳಲ್ಲಿ 51ರಷ್ಟು ತಗ್ಗಿಸಿತ್ತೆಂದು ಕಂಡುಬಂತು. ಒಂದು ವಾರದ ಕೆಮ್ಮು ತಪ್ಪುವುದೂ ಒಂದು ಪ್ರಾಣ ಉಳಿಯುವುದೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ.

ಶಾಲೆಯವರಾದ ನಮಗೆ ಮತ್ತೊಂದು ಅಧ್ಯಯನವು ಆಸಕ್ತಿಯದು. ಕೆನಡಾ ದೇಶದಲ್ಲಿ ಹಟರೈಟ್ ಎಂಬ ಒಂದು ಪಂಗಡದವರು ಹೊರಗಿನವರೊಂದಿಗೆ ಹೆಚ್ಚು ಬೆರೆಯದೆ ಸಣ್ಣ ಸಣ್ಣ ಪಾಳ್ಯಗಳಲ್ಲಿ ಕೂಡಿ ಬಾಳುತ್ತಾರೆ. 2008-09ರಲ್ಲಿ ಅಂಥ 49 ಪಾಳ್ಯಗಳನ್ನು ಆರಿಸಿ, ಕೆಲವು ಪಾಳ್ಯಗಳಲ್ಲಿ 3ರಿಂದ 15 ವರ್ಷದ ಮಕ್ಕಳಿಗೆ ಫ್ಲೂ ಲಸಿಕೆಯನ್ನೂ ಉಳಿದವುಗಳಲ್ಲಿ ಹೋಲಿಕೆಗಾಗಿ ಕಾಮಾಲೆಯೊಂದರ ಲಸಿಕೆಯನ್ನೂ ಕೊಟ್ಟರು. ದೊಡ್ಡವರಿಗೆ ಕೊಡಲಿಲ್ಲ. ಆದರೂ ಮಕ್ಕಳು ಫ್ಲೂ ಲಸಿಕೆ ಪಡೆದ ಪಾಳ್ಯಗಳಲ್ಲಿ, ಲಸಿಕೆಯನ್ನೇ ಪಡೆಯದವರಿಗೆ ಶೇಕಡಾ 61ರಷ್ಟು ರಕ್ಷಣೆ ದೊರೆಯಿತು! ಅಜ್ಜಿಗೆ ಜ್ವರವನ್ನು ತಂದುಕೊಡುವವನು ಬಹಳ ಸಲ ಶಾಲೆಯಿಂದ ಬಂದ ಮೊಮ್ಮಗನೇ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ದೇಶದಲ್ಲಿಯೂ ಹರಿಯಾಣದ ಬಲ್ಲಭಗಢದ ಸಮೀಪದ ಹಳ್ಳಿಗಳಲ್ಲಿ 2009ರಿಂದ ಮೂರು ವರ್ಷ ಹತ್ತು ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಕೊಟ್ಟು ನೋಡಿದ್ದಾರೆ. ವೈರಸ್ಸೂ ಲಸಿಕೆಯೂ ಸರಿಹೊಂದದ ಮೊದಲ ವರ್ಷದಲ್ಲಿ ರಕ್ಷಣೆಯು ಕಾಲುಭಾಗದಷ್ಟು ಮಾತ್ರ ಇತ್ತು, ಮುಂದೆ ಹೆಚ್ಚಿತು.

ಯಾವಾಗ ಹಾಕಿಸಬೇಕು? ಹಾಕಿಸಿದ ಎರಡು ವಾರಗಳ ಮೇಲೆ ರಕ್ಷಣೆಯು ಮೂಡುವುದು. ತಿಂಗಳುಗಳು ಕಳೆದಂತೆ ಅದು ಕುಂದುವುದು. ಯುರೋಪು, ಅಮೆರಿಕಗಳಲ್ಲಿ ಚಳಿಗಾಲವೇ ಫ್ಲೂ ಕಾಲ; ಕಾಶ್ಮೀರದಲ್ಲಿಯೂ ಹಾಗೆಯೇ. ಆದರೆ ನಮ್ಮಲ್ಲಿ ಅದು ಮಳೆಗಾಲದಲ್ಲಿ ಏರುತ್ತದೆ. ಕೆಲವೆಡೆ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ತಲೆಯೆತ್ತುವುದೂ ಉಂಟು. ಆದುದರಿಂದ ಚಳಿಗಾಲದ ದೇಶಗಳ ಪಂಚಾಂಗವನ್ನು ನೋಡಿ ಅಕ್ಟೋಬರಿನಲ್ಲಿ ಹಾಕಿಸುವ ಬದಲು, ಏಪ್ರಿಲ್-ಮೇ ತಿಂಗಳುಗಳಲ್ಲಿ ಆಗ ದೊರೆಯುವ ಹೊಸ ಲಸಿಕೆಯನ್ನು ಹಾಕಿಸುವುದು ಈ ಕಡೆಯವರಿಗೆ ಸರಿಯಾದುದೆಂದು ಅಧ್ಯಯನ ಮಾಡಿದವರ ಅಭಿಪ್ರಾಯ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ ಬೇಕು; ಆರು ತಿಂಗಳು ತುಂಬದ ಕೂಸಿಗೆ ಹಾಕುವಂತಿಲ್ಲ. ಆದರೆ ಗರ್ಭಿಣಿಯಾಗಿದ್ದಾಗ ತಾಯಿ ಹಾಕಿಸಿಕೊಂಡರೆ ಆ ರಕ್ಷಣೆಯು ಕೂಸಿಗೂ ದಾಟುತ್ತದೆ. ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಇನ್ನೂ ಸೇರಿಲ್ಲವಾದುದರಿಂದ ಹಣ ಕೊಟ್ಟು ಹಾಕಿಸಬೇಕಾಗುತ್ತದೆ. ದಿನಗೂಲಿಯ ಮನೆಯಲ್ಲಿ ಐದು ಮಂದಿಗೆ ವರ್ಷವರ್ಷವೂ ಹಾಕಿಸಿರೆಂದು ಹೇಳುವುದು ಸುಲಭವಲ್ಲ. ಒಬ್ಬರಿಗೆ ಮಾತ್ರ ಸಾಧ್ಯವಿದ್ದರೆ ಆ ಒಬ್ಬರು ಅಜ್ಜ-ಅಜ್ಜಿಯೋ ಗರ್ಭಿಣಿಯೋ ರೋಗವುಳ್ಳ ಮಗುವೋ ಆಗಿರಲಿ.

ತೊಂದರೆಗಳೇನು? ತೋಳು ಒಂದೆರಡು ದಿನ ನೋಯುವುದು, ಮೈ ತುಸು ಬಿಸಿಯಾಗುವುದು ಸಾಮಾನ್ಯ. ನರಗಳನ್ನು ಬಾಧಿಸಿ ಕೈಕಾಲುಗಳ ಬಲವನ್ನು ಕುಂದಿಸುವ ಗಿಲ್ಲನ್-ಬಾರೆ ಎಂಬ ರೋಗವು ಕೆಲವು ವರ್ಷಗಳಲ್ಲಿ ಹತ್ತು ಲಕ್ಷ ಮಂದಿಗೆ ಒಂದೋ ಎರಡೋ ಹೆಚ್ಚಾಗಿ ಕಂಡುಬಂದುದುಂಟು. ಅದೇ ರೋಗವು ಫ್ಲೂ ಜ್ವರದ ಹಿಂದೆಯೂ ಬರುವುದುಂಟು. ಹಿಂದೊಮ್ಮೆ ಲಸಿಕೆಯಿಂದ ತೀವ್ರವಾದ ಅಲರ್ಜಿಯಾದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಇನ್ನು, ಹಾಕಿಸಿಕೊಂಡವರೂ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಜ್ವರವಿರುವ ಮಗುವನ್ನು ಹಾಜರಿಗಾಗಿ ಶಾಲೆಗೆ ಕಳುಹಿಸಬಾರದು. ಪೂರ್ತಿ ಹಾಜರಿಗೆ ಬಹುಮಾನ ಕೊಡುವ ನಮ್ಮ ಪದ್ಧತಿಯು ಜುಲೈ ತಿಂಗಳಲ್ಲಿ ಒಳ್ಳೆಯದೇ ಎಂಬುದನ್ನು ನಾವು ಉಪಾಧ್ಯಾಯರೂ ಆಲೋಚಿಸಬೇಕಾಗಿದೆ.

ಜಗಲಿಯಲ್ಲಿ ನನ್ನನ್ನು ಪ್ರಶ್ನಿಸಿದ ಆ ತಂದೆಯನ್ನು ಕಳೆದ ತಿಂಗಳು ಶಾಲೆಗೆ ಕರೆಸಿ, ವಿದ್ಯಾರ್ಥಿನಿಲಯದ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆನು. ಅವರು ಅಡಕೆ ವ್ಯಾಪಾರದಲ್ಲಿ ಪಳಗಿದವರು. 80 ಮತ್ತು 20ರ ಮರ್ಮವನ್ನು ನನಗಿಂತ ಬೇಗನೆ ಹಿಡಿದರು. “ಅಂದರೆ ಅಮ್ಮನಿಗೆ ಈ ಮೇ ತಿಂಗಳಲ್ಲಿ ಹಾಕಿಸಿದರೂ ಜುಲೈಯಲ್ಲಿ ಜ್ವರ ಬರಲಿಕ್ಕೂ ಸಾಕು, ಅಲ್ಲವೋ ಮಾಷ್ಟ್ರೇ?” ಎಂದು ಕೇಳಿದರು. “ಬರಲಿಕ್ಕೂ ಸಾಕು, ಆದರೆ ಹಾಕಿಸದಿದ್ದರೆ ಬರುವ ಸಂಭವ ಅದಕ್ಕಿಂತ ಹೆಚ್ಚು” ಎಂದೆನು. ಅವರು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತಿದ್ದು, “ಇದನ್ನು ಕಳೆದ ವರ್ಷವೇ ಹೀಗೆ ಹೇಳಿದ್ದರೆ ಆಗುತ್ತಿತ್ತು” ಎಂದು ನಕ್ಕು, ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರು.